ನಾಲ್ಕು ಹತ್ತಕ್ಕೆ ಕ್ಷೇಮವಾಗಿ ತಲುಪಿದವರು

ನನ್ನ ಭಾವ ಘಾಟಿಯನ್ನು ಹದಿನಾಲ್ಕು ಸಲ ದಾಟಿದ್ದರು. ಇದು ಅವರ ಲೆಕ್ಕ. ಮನೆಯವರ ಲೆಕ್ಕದಲ್ಲಿ ಅವರು ಎರಡನೆಯ ತಿರುವಿನ ನೀರಿನ ತೊಟ್ಟಿಯವರೆಗೆ ಹೋಗಿ, ಮುಖ ತೊಳೆದುಕೊಂಡು ವಾಪಸು ಬಂದವರು. ಅದೂ ಒಂದೇ ಸಲ, ಮದುವೆಯಾದ ಹೊಸತರಲ್ಲಿ, ಅಕ್ಕ ಬಲವಂತ ಮಾಡಿದ್ದಕ್ಕೆ.

ಘಾಟಿ ಎಂದರೆ ಎರಡು ಹಿಮದ ಶಿಖರಗಳ ನಡುವೆ ದಾಟಲು ಇರುವ ಒಂದೇ ಸಂದು. ಈಚೆ ನಮ್ಮ ಊರು, ಆಚೆ ಇನ್ನೊಂದು ಊರು. ಬಸ್ಸಿನಲ್ಲಾದರೆ ಬೆಟ್ಟದ ಬುಡ ಸುತ್ತಿಕೊಂಡು ನಾಲ್ಕು ಗಂಟೆಯ ದಾರಿ. ನಡೆದರೆ ಮೂರು ದಿನ. ನಾಲ್ಕು ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಮೂರು ದಿನ ಏದುಸಿರು ಬಿಡುವುದಕ್ಕೆಂದೇ ಜನ ರಜೆ ಹಾಕಿ ದೂರದೂರದಿಂದ ಬರುತ್ತಾರೆ. ಬುದ್ಧಿ ಅವರವರದು. ಅಂಥವರಿಗೆ ಬೂಟು, ಕೋಲು, ಮಳೆಯಂಗಿ ಬಾಡಿಗೆಗೆ ಕೊಡುವ ಅಂಗಡಿ ನನ್ನದು. ಅಂಗಡಿ ನಿಂತಿರುವುದು ಚೌಕಿಯ ಜಾಗದಲ್ಲಿ. ಚೌಕಿಯ ಗುಮಾಸ್ತರು ನನ್ನ ಭಾವ. ಹಾಗಾಗಿ ಹದಿನಾಲ್ಕು ಸಲದ ಲೆಕ್ಕವನ್ನು ನಾನು ಯಾವತ್ತೂ ಗಟ್ಟಿಯಾಗಿ ತಿದ್ದಿದವನಲ್ಲ.

ಚೌಕಿಯೆಂದರೆ ಒಂದೇ ಕೋಣೆ. ಜಾಲರಿಯ ಕಿಟಕಿ, ಅದರಲ್ಲಿ ಕೈ ತೂರುವಷ್ಟು ತೂತು, ಒಂದು ಮೇಜು, ಒಂದು ಸೀಮೆಎಣ್ಣೆ ಒಲೆ, ಗೋಡೆಗೆ ಮೂಲೆ ಹರಿದ ನಕ್ಷೆ, ನಕ್ಷೆಯ ಕೆಳಗೆ ಕಪ್ಪು ಟೆಲಿಫೋನು. ಮೇಜಿನ ಮೇಲೆ ಉದ್ದನೆಯ ರಿಜಿಸ್ಟರು. ಹತ್ತುವವರು ಇಲ್ಲಿ ಹೆಸರು ಬರೆಸಬೇಕು, ಆಚೆ ಇಳಿದ ಮೇಲೆ ಅಲ್ಲಿನ ಚೌಕಿಯಲ್ಲಿ ಸಹಿ ಹಾಕಬೇಕು. ದಿನಾ ಸಂಜೆ ಐದಕ್ಕೆ ಎರಡು ಕಡೆಯ ಗುಮಾಸ್ತರೂ ಫೋನಿನಲ್ಲಿ ಹೆಸರು ತಾಳೆ ನೋಡುತ್ತಾರೆ. ಮೂರನೆಯ ದಿನದ ಸಂಜೆ ಯಾರ ಹೆಸರಾದರೂ ತಾಳೆಯಾಗದಿದ್ದರೆ ಮರುದಿನ ಬೆಳಕು ಹರಿಯುತ್ತಲೇ ಎರಡೂ ಕಡೆಯಿಂದ ಹುಡುಕುವವರು ಹೊರಡುತ್ತಾರೆ. ಇನ್ನು ಈಚೆ ಹೆಸರೇ ಬರೆಸದವನು ಆಚೆ ಇಳಿದರೆ, ಅವನು ಬಂದೇ ಇಲ್ಲವೆಂದು ಲೆಕ್ಕ. ಎದುರಿಗೆ ನಿಂತು ಕೆಮ್ಮಿದರೂ ಬಂದಿಲ್ಲ.

ಆಚೆಯ ಗುಮಾಸ್ತರನ್ನು ನಾವು ಆಚೆಯವರು ಎಂದೇ ಕರೆಯುತ್ತಿದ್ದೆವು. ಭಾವನಿಗೂ ಅವರಿಗೂ ಹತ್ತೊಂಬತ್ತು ವರ್ಷದ ಸ್ನೇಹ, ಒಮ್ಮೆಯೂ ಮುಖ ನೋಡಿದ್ದಿಲ್ಲ. ನಾಲ್ಕು ಗಂಟೆಯ ಬಸ್ಸು ಹತ್ತಿದ್ದರೆ ನೋಡಬಹುದಿತ್ತು. ಆದರೆ ಹದಿನಾಲ್ಕು ಸಲ ಘಾಟಿ ದಾಟಿದವರು ಬಸ್ಸು ಹತ್ತುವುದು ಹೇಗೆ?

ಭಾವ ಮೊದಲು ಕೆಳಗಿನ ಪೇಟೆಯ ಕಚೇರಿಯಲ್ಲಿ ಪತ್ರಗಳಿಗೆ ನಂಬರು ಹಾಕುತ್ತಿದ್ದರು. ವರ್ಗವಾಗಿ ಇಲ್ಲಿಗೆ ಬಂದ ವರ್ಷವೇ ಅಕ್ಕನನ್ನು ಮದುವೆಯಾದರು. ನಮ್ಮಪ್ಪ ಹೊರೆಯಾಳು. ಬಸ್ಸಿನ ರಸ್ತೆ ಆಗುವ ಮೊದಲು ಹಿಟ್ಟು, ಉಪ್ಪು, ಮೊಳೆ, ಎಲ್ಲವೂ ಬೆನ್ನ ಮೇಲೆಯೇ ಘಾಟಿ ದಾಟಬೇಕಿತ್ತು. ಅಪ್ಪನ ಸೊಂಟ ಹಿಡಿದುಕೊಂಡಾಗ ಅಕ್ಕ ಹದಿನಾರರ ಹುಡುಗಿ. ಮೂರು ಬೇಸಿಗೆ ಅವನ ಹೊರೆಯನ್ನು ಅವಳೇ ಹೊತ್ತಳು. ನನಗೆ ಉಬ್ಬಸ ಎಂದು ನಾನು ಮನೆಯಲ್ಲಿ ಬೆಚ್ಚಗಿದ್ದೆ. ಅವಳು ಎಷ್ಟು ಸಲ ದಾಟಿದಳೋ, ಯಾರೂ ಎಣಿಸಲಿಲ್ಲ. ಹೊರೆಯವರ ಹೆಸರನ್ನು ಯಾರು ಬರೆಯುತ್ತಾರೆ? ಮೂಟೆಯ ನಂಬರು ಬರೆದರೆ ಸಾಕಿತ್ತು.

ಮದುವೆಯಾದ ಮೊದಲ ಚಳಿಗಾಲ ಭಾವ ಊಟಕ್ಕೆ ಕೂತಾಗಲೆಲ್ಲ ಅಕ್ಕನನ್ನು ಕೇಳುತ್ತಿದ್ದರು. ಮೊದಲನೆಯ ದಿನ ತಂಗುವ ಕಲ್ಲುಮನೆಯಿಂದ ಮುಂದೆ ದಾರಿ ಎಡಕ್ಕೋ ಬಲಕ್ಕೋ? ನೆತ್ತಿಯ ಹತ್ತಿರ ಗಾಳಿ ಎಷ್ಟು ಹೊತ್ತಿಗೆ ಏಳುತ್ತದೆ? ಅವಳು ಅನ್ನ ಬಡಿಸುತ್ತಾ ಹೇಳುತ್ತಿದ್ದಳು. ಗಂಡನಿಗೆ ತನ್ನ ಮೇಲೆ ಎಷ್ಟು ಆಸೆ, ತನ್ನ ಹಳೆಯ ಕಷ್ಟವನ್ನೆಲ್ಲ ಕೇಳುತ್ತಾರಲ್ಲ ಎಂದು ಸಂತೋಷಪಟ್ಟಳು ಪಾಪ. ಬೇಸಿಗೆ ಬಂದು ಮೊದಲನೆಯ ಗುಂಪು ಕಿಟಕಿಯ ಮುಂದೆ ನಿಂತಾಗ ಒಬ್ಬ ಕೇಳಿದ, "ನೀವು ದಾಟಿದ್ದೀರಾ ಸಾರ್?" ಭಾವ ಪೆನ್ನಿನ ಮುಚ್ಚಳ ಹಾಕಿ, "ಸುಮಾರು ಸಲ," ಎಂದರು. ಆ ವರ್ಷದ ಕೊನೆಗೆ ಸುಮಾರು ಎಂದರೆ ಐದಾಯಿತು. ಮೂರು ವರ್ಷದಲ್ಲಿ ಒಂಬತ್ತು. ಹದಿನಾಲ್ಕರಲ್ಲಿ ಯಾಕೆ ನಿಲ್ಲಿಸಿದರೋ ತಿಳಿಯದು, ವಯಸ್ಸಾಯಿತು ಎನಿಸಿರಬೇಕು. ಹತ್ತುವವರು ಅವರನ್ನು ಘಾಟಿ ಗುರುಗಳು ಎನ್ನುತ್ತಿದ್ದರು. ನಾಲಿಗೆಗೆ ಎಲುಬಿಲ್ಲ ನೋಡಿ, ಏರಿದಷ್ಟೂ ಏರುತ್ತದೆ. ಗೋಡೆಯ ಆಚೆ ಹಿಂದಿನ ಕೋಣೆಯಲ್ಲಿ ಅಕ್ಕ ಹರಿದ ಚೀಲ, ಡೇರೆ ಹೊಲಿಯುತ್ತಾ ಕೂತಿರುತ್ತಿದ್ದಳು. ಅವಳ ಘಾಟಿಯನ್ನು ಅವಳಿಗೇ ಕೇಳಿಸುವಂತೆ ಇವರು ದಾಟುತ್ತಿದ್ದರು. ಮಾತು ಜೋರಾದಾಗ ಅವಳ ಹೊಲಿಗೆ ಯಂತ್ರವೂ ಸ್ವಲ್ಪ ಜೋರಾಗುತ್ತಿತ್ತು, ಅಷ್ಟೇ.

ಇಪ್ಪತ್ತನೆಯ ವರ್ಷಕ್ಕೆ ಮೇಲಿನ ಕಚೇರಿಯಿಂದ ಒಂದು ಕಾಗದ ಬಂತು. ಚೌಕಿಯ ಗುಮಾಸ್ತರು ಸ್ವತಃ ಘಾಟಿ ದಾಟಿದವರಾಗಿರಬೇಕು, ದಾಟಿದ ದಾಖಲೆ ರಿಜಿಸ್ಟರಿನಲ್ಲಿರಬೇಕು. ತಿಂಗಳ ಕೊನೆಯ ಬುಧವಾರ ಸಂಜೆ ಐದರೊಳಗೆ ಪಟ್ಟಿಯಲ್ಲಿ ಹೆಸರು ಬಾರದವರನ್ನು ಪೇಟೆಯ ಉಗ್ರಾಣಕ್ಕೆ ಕಳಿಸಲಾಗುವುದು. ಉಗ್ರಾಣವೆಂದರೆ ಪೊರಕೆ, ಬಕೆಟ್ಟು ಎಣಿಸುವ ಕೆಲಸ. ಚೌಕಿ ಹೋದರೆ ಹಿಂದಿನ ಮನೆಯೂ ಹೋಯಿತು, ಮುಂದಿನ ನನ್ನ ಅಂಗಡಿಯೂ ಹೋಯಿತು.

"ಹದಿನಾಲ್ಕು ಸಲದಲ್ಲಿ ಒಂದಾದ್ರೂ ಬರೆದಿಲ್ವಾ ಭಾವ?" ನಾನು ಅಮಾಯಕನಂತೆ ಕೇಳಿದೆ.

"ನನ್ನ ಹೆಸರು ನಾನೇ ಬರ್ಕೊಳೋದು ಸರಿಯಲ್ಲ ಅಂತ ಬಿಟ್ಟಿದ್ದೆ ಕಣೋ," ಎಂದರು. ವಿನಯಕ್ಕೂ ಒಂದು ಮಿತಿ ಬೇಡವೇ!

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೀನಿ ರೀ. ದಾರಿ ಗೊತ್ತಿದೆ ನನಗೆ."

"ಹೆಂಡತೀನ ಕಟ್ಕೊಂಡು ಹೋದ್ರೆ ಜನ ಏನಂತಾರೆ? ಘಾಟಿ ಅಂದ್ರೆ ಸಂತೆ ಅಂದ್ಕೊಂಡ್ಯಾ?" ಎಂದರು ಭಾವ. ಜನ ಏನೂ ಅನ್ನದಿರಲೆಂದು ಉಬ್ಬಸದ ಭಾಮೈದನನ್ನು ಕಟ್ಟಿಕೊಂಡು ಹೊರಟರು.

ಕೊನೆಯ ವಾರದ ಸೋಮವಾರ ಬೆಳಗ್ಗೆ ರಿಜಿಸ್ಟರಿನಲ್ಲಿ ನಮ್ಮಿಬ್ಬರ ಹೆಸರನ್ನು ಅವರೇ ದುಂಡಗೆ ಬರೆದರು. ಚೌಕಿಯ ಮುಂದೆ ಒಂದು ಬೋರ್ಡು ನೇತುಹಾಕಿದರು, ನಾನು ಓದಲಿಲ್ಲ. ನನ್ನ ಅಂಗಡಿಯ ಅತಿ ಒಳ್ಳೆಯ ಬೂಟು ಅವರ ಕಾಲಿಗೆ. ಎರಡನೆಯ ತಿರುವಿನ ನೀರಿನ ತೊಟ್ಟಿಯವರೆಗೆ ಅವರ ನಡಿಗೆ ನೋಡಬೇಕಿತ್ತು, ಕೈ ಬೀಸಿಕೊಂಡು, ನನಗೆ ಉಸಿರಾಡುವುದು ಹೇಗೆಂದು ಕಲಿಸುತ್ತಾ. ತೊಟ್ಟಿ ದಾಟಿದ ಮೇಲೆ ಪಾಠ ನಿಂತಿತು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ನಮ್ಮ ಭಾವನಿಗೆ ಮನೆಯ ಹಿತ್ತಲಿನ ಬೆಟ್ಟವೂ ಇಪ್ಪತ್ತು ವರ್ಷ ನುಣ್ಣಗೇ ಇತ್ತು. ಕಲ್ಲುಮನೆ ಮುಟ್ಟುವಷ್ಟರಲ್ಲಿ ಅವರು ಬೂಟನ್ನು ಬಯ್ದರು, ಕೋಲನ್ನು ಬಯ್ದರು, ಬಾಡಿಗೆಗೆ ಕೊಟ್ಟ ನನ್ನನ್ನೂ ಬಯ್ದರು.

ಎರಡನೆಯ ದಿನ ದಾರಿಯೆಲ್ಲ ಕಡಿದಾದ ಕಲ್ಲುಮೆಟ್ಟಿಲು. ಅರ್ಧದಲ್ಲೇ ಅವರ ಬಲ ಮಂಡಿ ಊದಿಕೊಂಡಿತು. ಹತ್ತು ಹೆಜ್ಜೆಗೊಮ್ಮೆ ನಿಂತು, "ಇಲ್ಲಿಂದ ನೋಟ ಚೆನ್ನಾಗಿದೆ," ಎನ್ನುತ್ತಿದ್ದರು. ಸುತ್ತ ಮಂಜು, ಅವರಿಗೆ ಅವರ ಕೈಯೇ ಕಾಣುತ್ತಿರಲಿಲ್ಲ. ನನ್ನ ಎದೆಯೂ ಸಿಳ್ಳೆ ಹಾಕಲು ಶುರುಮಾಡಿತ್ತು, ನಗುವುದಕ್ಕೂ ಉಸಿರಿರಲಿಲ್ಲ. ಹೇಗೋ ನೆತ್ತಿಯ ಕೆಳಗಿನ ತಗಡಿನ ಆಸರೆ ಮುಟ್ಟಿ ಒಳಗೆ ಉರುಳಿಕೊಂಡೆವು. ಬುಧವಾರ ಎದ್ದು ನೋಡಿದರೆ ಮೆಟ್ಟಿಲುಗಳ ಮೇಲೆ ಹಿಮ ಬಿದ್ದು ದಾರಿ ಮುಚ್ಚಿದೆ, ಭಾವನಿಗೆ ಕಾಲು ಊರಲಾಗುತ್ತಿಲ್ಲ. ಮೇಲೆ ಮೊಬೈಲಿಗೆ ಸಿಗ್ನಲ್ಲು ಇಲ್ಲ. ಚೀಲದಲ್ಲಿ ಅರ್ಧ ಬ್ರೆಡ್ಡು, ಒಂದು ಪೊಟ್ಟಣ ಕಡಲೆಬೀಜ, ಮತ್ತು ಭಾವನ ಇಸ್ತ್ರಿ ಮಾಡಿದ ಒಂದು ಶರ್ಟು. ಸಹಿ ಹಾಕುವಾಗ ಫೋಟೋ ತೆಗೆಸಿಕೊಳ್ಳಲು.

"ಹೆದರ್ಬೇಡಿ ಭಾವ," ಎಂದೆ. "ಇವತ್ತು ಸಂಜೆ ನಮ್ಮ ಹೆಸರು ತಾಳೆ ಆಗಲ್ಲ. ನಾಳೆ ಬೆಳಗ್ಗೆ ಹುಡುಕೋರು ಹೊರಟೇ ಹೊರಡ್ತಾರೆ."

ಭಾವ ಮಂಡಿ ಉಜ್ಜುವುದನ್ನು ನಿಲ್ಲಿಸಿದರು. "ತಾಳೆ ಆಗುತ್ತೆ."

"ಅಂದ್ರೆ?"

"ಇಳಿಯೋದು ತಡ ಆಗಿ ಐದು ಗಂಟೆ ಪಟ್ಟಿ ತಪ್ಪಿಹೋದ್ರೆ ಅಂತ ಆಚೆಯವರಿಗೆ ಮೊದಲೇ ಹೇಳಿಟ್ಟಿದ್ದೀನಿ. ಬುಧವಾರ ನಾಲ್ಕು ಹತ್ತಕ್ಕೆ ಇಬ್ಬರೂ ತಲುಪಿದ್ರು, ಕ್ಷೇಮ ಅಂತ ಬರೀತಾರೆ. ಸಹಿ ಆಮೇಲೆ ಹೋಗಿ ಹಾಕೋದು." ಸ್ವಲ್ಪ ತಡೆದು ಸೇರಿಸಿದರು, "ಬರೀ ನಾಲ್ಕು ಅಂದ್ರೆ ಅನುಮಾನ ಬರುತ್ತೆ ಅಂತ ಹತ್ತು ನಿಮಿಷ ಸೇರಿಸಿದೆ."

ನಾನು ಕಡಲೆಬೀಜದ ಪೊಟ್ಟಣದ ಬಾಯಿ ಕಟ್ಟಿದೆ. "ಹಿಂದಿನಿಂದ ಯಾರಾದ್ರೂ ಹತ್ತಿ ಬರಬಹುದಲ್ಲ?"

"ಬರಲ್ಲ. ಗುಮಾಸ್ತ ಇಲ್ಲದಾಗ ದಾರಿ ತೆರೆದಿರಬಾರದು, ಅದು ನಿಯಮ. 'ಘಾಟಿ ಮುಚ್ಚಿದೆ' ಅಂತ ಬೋರ್ಡ್ ಹಾಕಿ ಬಂದಿದ್ದೀನಲ್ಲ."

ಹತ್ತೊಂಬತ್ತು ವರ್ಷದಲ್ಲಿ ಒಬ್ಬನೇ ಒಬ್ಬನೂ ಆ ರಿಜಿಸ್ಟರಿನಿಂದ ತಪ್ಪಿಸಿಕೊಂಡು ಸತ್ತಿರಲಿಲ್ಲ. ಅಷ್ಟು ಅಚ್ಚುಕಟ್ಟಾದ ವ್ಯವಸ್ಥೆಯಲ್ಲಿ ಸಾಯುವುದಕ್ಕೆ ಒಂದು ದಾರಿ ಹುಡುಕಬೇಕಾದರೆ ಗುಮಾಸ್ತನೇ ಆಗಿರಬೇಕು. ಅಂದು ಸಂಜೆ ಐದಾದಾಗ ನಾವಿಬ್ಬರೂ ಗಡಿಯಾರ ನೋಡಿದೆವು. ಪಟ್ಟಿಯಲ್ಲಿ ನಾವು ಕ್ಷೇಮವಾಗಿ ತಲುಪಿದ್ದೆವು. ಇಲ್ಲಿ ಕಡಲೆಬೀಜವನ್ನು ಒಂದೊಂದಾಗಿ ಹಂಚಿಕೊಳ್ಳುತ್ತಿದ್ದೆವು.

ಅದೇ ಹೊತ್ತಿಗೆ ಕೆಳಗೆ ಅಕ್ಕ ಚೌಕಿಯ ಬೀಗ ತೆಗೆದು ಆಚೆಯವರಿಗೆ ಫೋನು ಮಾಡಿದ್ದಳಂತೆ. ಇದು ಅವಳೇ ಆಮೇಲೆ ಹೇಳಿದ್ದು.

"ತಲುಪಿದ್ರಮ್ಮ, ನಾಲ್ಕು ಹತ್ತಕ್ಕೆ. ಕ್ಷೇಮವಾಗಿದ್ದಾರೆ."

"ಒಂಚೂರು ಅವರಿಗೆ ಕೊಡಿ ಫೋನು."

"ಅದು... ಸ್ನಾನಕ್ಕೆ ಹೋಗಿದ್ದಾರೆ."

"ಯಾರು, ನಮ್ಮೋರಾ? ಈ ಚಳೀಲಿ? ಸ್ನಾನಾನಾ?"

ಆಚೆಯವರು ಫೋನು ಇಟ್ಟರು. ಮರುದಿನ ಬೆಳಗ್ಗೆ ಮತ್ತೆ ಕೇಳಿದ್ದಕ್ಕೆ ಬಸ್ಸು ಹತ್ತಿದರು ಎಂದರಂತೆ. ಅಕ್ಕ ನಿಲ್ದಾಣಕ್ಕೆ ಹೋಗಿ ಬಸ್ಸು ಬರುವವರೆಗೆ ಕಾದು, ಇಳಿದವರ ಮುಖವನ್ನೆಲ್ಲ ನೋಡಿದಳು. ಅಲ್ಲಿಂದ ಮನೆಗೆ ಬಂದು ಸ್ವೆಟರ್ ಹಾಕಿಕೊಂಡು, ಡೇರೆಯ ಬಟ್ಟೆಯ ಉದ್ದನೆಯ ಪಟ್ಟಿಯೊಂದನ್ನು ಸೊಂಟಕ್ಕೆ ಸುತ್ತಿಕೊಂಡು, ರೊಟ್ಟಿಯ ಗಂಟು ಬೆನ್ನಿಗೆ ಹಾಕಿ ಹೊರಟಳು. ಆ ಬೋರ್ಡನ್ನು ಎತ್ತಿ ಪಕ್ಕಕ್ಕಿಟ್ಟು ಹೋದಳಂತೆ. ರಿಜಿಸ್ಟರಿನಲ್ಲಿ ಹೆಸರು ಬರೆಯುವ ಯೋಚನೆಯೇ ಅವಳಿಗೆ ಬರಲಿಲ್ಲ.

ಶುಕ್ರವಾರ ಬಿಸಿಲು ಏರುವ ಹೊತ್ತಿಗೆ ತಗಡಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ನಲವತ್ತು ದಾಟಿದ ಹೆಂಗಸು, ಎರಡು ದಿನದ ದಾರಿಯನ್ನು ಒಂದು ದಿನಕ್ಕಿಂತ ಕಡಿಮೆ ಹೊತ್ತಿನಲ್ಲಿ ನಡೆದಿದ್ದಳು. ಕೆನ್ನೆ ಕೆಂಪಾಗಿತ್ತು, ಅಷ್ಟೇ. ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಭಾವನೂ ಅತ್ತರು. ಆಮೇಲೆ ಇಬ್ಬರೂ ರೊಟ್ಟಿಗೆ ಕೈ ಹಾಕಿದೆವು.

"ಹುಡುಕೋರನ್ನ ಯಾಕೆ ಕರೆಸಲಿಲ್ಲ ಅಕ್ಕ?"

"ಕರೆಸಿದ್ರೆ ಬುಧವಾರ ತಲುಪಿದೋರು ಇಲ್ಲಿ ಹೇಗೆ ಬಂದ್ರು ಅಂತ ಕೇಳಲ್ವೇನೋ? ಇವರ ಕೆಲಸ ಉಳೀತಿತ್ತಾ?" ಎಂದಳು. ಅವಳ ಪ್ರಾಣ, ನಮ್ಮ ಪ್ರಾಣ, ಭಾವನ ಮಾನ, ಮೂರನ್ನೂ ಅವಳೊಬ್ಬಳೇ ತೂಗಿ ನೋಡಿ ಬಂದಿದ್ದಳು.

ಮಂಡಿಯನ್ನು ಅಮುಕಿ ನೋಡಿ ಅಕ್ಕ ತೀರ್ಮಾನ ಹೇಳಿದಳು. ಹಿಮ ಬಿದ್ದ ಮೆಟ್ಟಿಲಿನಲ್ಲಿ ಈ ಮಂಡಿ ಕೆಳಗೆ ಇಳಿಯುವುದಿಲ್ಲ. ನೆತ್ತಿ ಎರಡು ಗಂಟೆಯ ದಾರಿ, ಅಲ್ಲಿಂದ ಆಚೆ ಇಳಿಜಾರು ನಿಧಾನದ್ದು. ದಾಟುವುದೇ ಸರಿ. ಬಟ್ಟೆಯ ಪಟ್ಟಿಯಿಂದ ಭಾವನ ಸೊಂಟವನ್ನು ತನ್ನ ಸೊಂಟಕ್ಕೆ ಬಿಗಿದಳು, ತುದಿಯನ್ನು ನನಗೆ. ಹೊರೆಯವರ ನಡಿಗೆಯನ್ನು ಮಕ್ಕಳಿಗೆ ಕಲಿಸುವ ಹಾಗೆ ಕಲಿಸಿದಳು. ಅರ್ಧ ಹೆಜ್ಜೆ ಇಡು, ಹಿಂದಿನ ಕಾಲನ್ನು ನೆಟ್ಟಗೆ ಮಾಡಿ ಭಾರವನ್ನು ಅದರ ಮೇಲೆ ಬಿಡು, ಉಸಿರು ಪೂರ್ತಿ ಹೊರಗೆ ಹಾಕು, ಆಮೇಲೆ ಇನ್ನರ್ಧ ಹೆಜ್ಜೆ. ನೂರು ಹೆಜ್ಜೆಗೆ ಒಂದು ಸಲ ನಿಲ್ಲುವುದು. ಮಾತಾಡುವ ಹಾಗಿಲ್ಲ. ಆ ಕೊನೆಯ ನಿಯಮ ಪಾಲಿಸುವುದಕ್ಕೆ ಭಾವನಿಗೆ ಮಂಡಿಗಿಂತ ಹೆಚ್ಚು ಕಷ್ಟವಾಯಿತು.

ಎರಡು ಗಂಟೆಯ ದಾರಿಗೆ ನಮಗೆ ನಾಲ್ಕು ಗಂಟೆ ಬೇಕಾಯಿತು. ಕಡೆಯ ಏರಿನಲ್ಲಿ ಗಾಳಿ ಎಷ್ಟಿತ್ತೆಂದರೆ ನಿಂತರೆ ತಳ್ಳುತ್ತಿತ್ತು, ಬಗ್ಗಿದರೆ ಉರುಳಿಸುತ್ತಿತ್ತು. ಒಂದು ಕಡೆ ಭಾವ ಜಾರಿ ಪೂರ್ತಿ ಜೋತುಬಿದ್ದರು. ಅಕ್ಕ ಹಿಮ್ಮಡಿ ಹಿಮದಲ್ಲಿ ಊರಿ ಹಿಂದಕ್ಕೆ ವಾಲಿ ನಿಂತಳು, ಹಲ್ಲು ಕಚ್ಚಿಕೊಂಡು, ಅವರಿಗೆ ಮತ್ತೆ ಕಾಲು ಸಿಗುವವರೆಗೆ. ನಾನು ಪಟ್ಟಿಯ ತುದಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ. ನೆತ್ತಿ ಮುಟ್ಟಿದಾಗ ಭಾವ ಹಿಮದ ಮೇಲೆ ಕೂತು ಅವಳ ಎರಡೂ ಕೈ ಹಿಡಿದುಕೊಂಡರು. "ಏಳು ಜನ್ಮಕ್ಕೂ ನಿನ್ನ ಋಣ ತೀರ್ಸಕ್ಕಾಗಲ್ಲ ಕಣೇ. ಇಷ್ಟು ವರ್ಷ ನಾನು ಹೇಳ್ಕೊಂಡಿದ್ದೆಲ್ಲ ನಿಂದೇ," ಎಂದರು. ಅಕ್ಕ ನಕ್ಕಳು. ಅವಳು ಅಷ್ಟು ಚೆನ್ನಾಗಿ ನಕ್ಕಿದ್ದನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ, ನನಗೂ ಹೊಟ್ಟೆ ತುಂಬಿದಂತಾಯಿತು.

ಆದರೆ ಇಳಿಜಾರು ಕೆಟ್ಟದ್ದು. ಉಸಿರು ಮರಳಿ ಬಂದ ಹಾಗೆ ಮಾತೂ ಮರಳಿ ಬಂತು. ಮೊದಲನೆಯ ಗಂಟೆಯಲ್ಲಿ, "ನೀನಿಲ್ದಿದ್ರೆ ಸತ್ತೇ ಹೋಗ್ತಿದ್ದೆ." ಎರಡನೆಯ ಗಂಟೆಯಲ್ಲಿ, "ಹೇಗೋ ಮೂರೂ ಜನ ಬಂದ್ವಿ." ಹುಲ್ಲು ಕಾಣಿಸಿದ ಮೇಲೆ, "ಮಂಡಿ ಸರಿಯಿದ್ದಿದ್ರೆ ಬುಧವಾರಾನೇ ಮುಟ್ಟಿರ್ತಿದ್ದೆ." ಚೌಕಿಯ ತಗಡು ಕಂಡಾಗ ಸೊಂಟದ ಪಟ್ಟಿ ಬಿಚ್ಚಿ, ಬಂಡೆಯ ಹಿಂದೆ ಹೋಗಿ ಇಸ್ತ್ರಿ ಶರ್ಟು ಹಾಕಿಕೊಂಡು ಬಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಆಚೆಯ ಚೌಕಿಯಲ್ಲಿ ಒಬ್ಬರಲ್ಲ, ಇಬ್ಬರಿದ್ದರು. ಕುಳ್ಳಗೆ, ಬೆವರೊರೆಸಿಕೊಳ್ಳುತ್ತಿದ್ದವರು ಆಚೆಯವರು. ಅವರ ಕುರ್ಚಿಯಲ್ಲಿ ರಿಜಿಸ್ಟರು ಬಿಚ್ಚಿಕೊಂಡು ಕೂತಿದ್ದವರು ಮೇಲಿನ ಕಚೇರಿಯ ಅಧಿಕಾರಿ, ಸಹಿಗಳ ತಪಾಸಣೆಗೆ ಬಂದಿದ್ದರು. ನಮ್ಮ ಸಾಲಿನಲ್ಲಿ ಸಹಿಯ ಜಾಗ ಖಾಲಿಯಿತ್ತು. ಆಚೆಯವರು ನಮ್ಮನ್ನು ಕಂಡದ್ದೇ ಎದ್ದು, "ಬಂದ್ರು ನೋಡಿ ಸಾರ್! ಎರಡು ದಿನದಿಂದ ಇಲ್ಲೇ ಸುಧಾರಿಸ್ಕೋತಿದ್ರು. ಬೆಳಗ್ಗೆ ಸುಮ್ನೆ ಕಾಲಾಡಿಸಿ ಬರ್ತೀವಿ ಅಂತ ಮೇಲಕ್ಕೆ ಹೋಗಿದ್ರು," ಎಂದರು. ಹತ್ತೊಂಬತ್ತು ವರ್ಷದ ಸ್ನೇಹ ಹೀಗೆ ಮೊದಲ ಸಲ ಮುಖ ನೋಡಿಕೊಂಡಿತು.

ಭಾವ ಸಹಿ ಹಾಕಿದರು. ನಾನೂ ಹಾಕಿದೆ. ಅಧಿಕಾರಿ ಹಿಂದೆ ನಿಂತಿದ್ದ ಅಕ್ಕನನ್ನು ನೋಡಿದರು. "ಇವರು ಯಾರು? ಇವರ ಹೆಸರಿಲ್ಲ ಇದರಲ್ಲಿ."

ಅಕ್ಕ ಭಾವನ ಮುಖ ನೋಡಿದಳು. ಸತ್ಯ ಹೇಳಿದರೆ ಉಗ್ರಾಣ. ಅದು ನಮಗೆಲ್ಲ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಅವಳು ಒಂದು ಗಳಿಗೆ ಕಾದಳು. ಆ ಕಾದದ್ದನ್ನು ನಾನು ನೋಡಿದೆ.

"ನನ್ನ ಹೆಂಡತಿ ಸಾರ್," ಎಂದರು ಭಾವ. "ನಮ್ಮನ್ನ ಕರ್ಕೊಂಡು ಹೋಗಕ್ಕೆ ಬಸ್ಸಲ್ಲಿ ಬಂದಿದ್ದಾಳೆ."

ಅಧಿಕಾರಿಯ ಕಣ್ಣು ಅವಳ ಪಾದಕ್ಕೆ ಹೋಯಿತು. ಮಂಡಿಯವರೆಗೆ ಕೆಸರು, ಒದ್ದೆ. "ಬಸ್ಸಲ್ಲಿ ಬಂದೋರ ಕಾಲು ಹೀಗಾಗುತ್ತೇನ್ರೀ?" ಎಂದು ನನ್ನತ್ತ ತಿರುಗಿದರು. ಭಾವ ಪೆನ್ನಿನ ಮುಚ್ಚಳ ಹಾಕತೊಡಗಿದರು.

ಇಲ್ಲಿಯವರೆಗೆ ಭಾವನನ್ನು ಆಡಿಕೊಂಡ ನಾಲಿಗೆ ನನ್ನದು. ಅದೇ ನಾಲಿಗೆ, ನನ್ನ ಅಂಗಡಿಯ ನಾಲ್ಕು ಗೋಡೆಯನ್ನು ನೆನೆದು, ತಡವರಿಸದೆ ಹೇಳಿತು: "ನಿಲ್ದಾಣದ ಹತ್ತಿರ ಭಾರೀ ಕೆಸರು ಸಾರ್."

ಅಧಿಕಾರಿ ನಕ್ಕು ಮೊಹರು ಒತ್ತಿದರು. "ನೀವೂ ಒಂದ್ಸಲ ಯಜಮಾನರ ಜೊತೆ ದಾಟ್ಬೇಕಮ್ಮ," ಎಂದರು ಅಕ್ಕನಿಗೆ. ಜಟ್ಟಿ ಜಾರಿಬಿದ್ದಿದ್ದ, ಮೀಸೆಗೆ ಮಣ್ಣಾಗಲಿಲ್ಲ. ಒಬ್ಬ ಹೆಂಗಸಿನ ಕಾಲಿನ ಕೆಸರಿನಲ್ಲಿ ಮೂರು ಗಂಡಸರ ಮಾನ ಉಳಿಯಿತು. ಅಕ್ಕ ಬಸ್ಸು ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳಿದಳು.

ಬಸ್ಸಿನಲ್ಲಿ ಅವಳು ಮುಂದಿನ ಸೀಟಿಗೆ ಹೋಗಿ ಯಾರೋ ಅಪರಿಚಿತ ಹೆಂಗಸಿನ ಪಕ್ಕ ಕೂತಳು. ನಾವಿಬ್ಬರೂ ಎರಡು ಸಾಲು ಹಿಂದೆ. ಕಂಡಕ್ಟರು ಬಂದಾಗ ಅವಳು ಒಂದೇ ಟಿಕೆಟು ತೆಗೆದುಕೊಂಡಳು. ಸ್ವಲ್ಪ ದೂರ ಹೋದ ಮೇಲೆ ಆ ಹೆಂಗಸು ಅವಳ ಕಾಲು ನೋಡಿ, "ಎಲ್ಲಿಂದ ಬಂದ್ರಮ್ಮ?" ಎಂದು ಕೇಳಿದಳು.

"ಘಾಟಿ ದಾಟಿ ಬಂದೆ," ಎಂದಳು ಅಕ್ಕ, ಬಸ್ಸಿಗೆಲ್ಲ ಕೇಳುವಂತೆ. "ಮೇಲೆ ಇಬ್ಬರು ಸಿಕ್ಕಿಹಾಕ್ಕೊಂಡಿದ್ರು. ಎಳ್ಕೊಂಡು ಬಂದು ಇಳಿಸ್ದೆ."

"ಅಯ್ಯೋ! ನಿಮ್ಮ ಕಡೆಯೋರಾ?"

ಅಕ್ಕ ತಿರುಗಿ ನಮ್ಮಿಬ್ಬರನ್ನೂ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ನಾನು ಬದುಕುತ್ತಿದ್ದೆ. ಸಂತೆಯಲ್ಲಿ ಕಂಡವರನ್ನು ನೋಡಿದಂತೆ ನೋಡಿ, ಮುಂದಕ್ಕೆ ತಿರುಗಿಕೊಂಡಳು.

"ಇಲ್ಲಮ್ಮ, ಯಾರೋ. ನನಗೆ ಪರಿಚಯ ಇಲ್ಲ."

ಭಾವ ಮೊಹರಿನ ಕಾಗದವನ್ನು ಮಡಿಸಿ ಇಸ್ತ್ರಿ ಶರ್ಟಿನ ಜೇಬಿಗೆ ಇಡುತ್ತಾ ನನ್ನ ಪಕ್ಕೆ ತಿವಿದರು. "ಏನಂತಾಳೋ ಅವಳು?"

"ಕೇಳಿಸ್ಲಿಲ್ಲ ಭಾವ," ಎಂದೆ.